ಮಾವನ ರೈಫಲ್ಲಿನ ಸೊಟ್ಟ ಮುಳ್ಳು

“ಎಡಕ್ಕೆ ಹೋಗುತ್ತೆ ಕಣಯ್ಯಾ, ಎಷ್ಟು ಸಲ ಹೊಡೆದರೂ ಎಡಕ್ಕೇ!”

ಕನ್ನಡಕದಂಗಡಿಯವನು ಮಾವನ ಕಾಲದ ಲಿವರ್ ರೈಫಲ್ಲನ್ನು ಬಂದೂಕು ರಿಪೇರಿಯ ಮಿಸ್ತ್ರಿಯ ಮೇಜಿನ ಮೇಲೆ ಕುಕ್ಕಿದ. ಅವನ ಹೆಂಡತಿ ಬಾಗಿಲ ಬಳಿಯ ಬೆಂಚಿನಲ್ಲಿ, ಏನೂ ಅರಿಯದವಳಂತೆ ಕುಳಿತಿದ್ದಳು.

ಮಿಸ್ತ್ರಿ: ಮೆತ್ತಗೆ ಇಡಿ ಸ್ವಾಮಿ. ನಿಮ್ಮ ಮಾವನಿಗಿಂತ ವಯಸ್ಸಾಗಿದೆ ಅದಕ್ಕೆ.

ಕನ್ನಡಕದವನು: ಮಾವನಷ್ಟೇ ಹಟಾನೂ ಇದೆ! ತುಕ್ಕು ತೆಗೆದೆ ಅಂದೆ, ನಳಿಗೆ ತೊಳೆದೆ ಅಂದೆ, ಲಿವರಿಗೆ ಹೊಸ ಸ್ಪ್ರಿಂಗ್ ಹಾಕಿದೆ ಅಂದೆ...

ಮಿಸ್ತ್ರಿ: ಎಳೆದು ನೋಡಿ, ಬೆಣ್ಣೆ ಹಾಗೆ ಬರುತ್ತೆ.

ಕನ್ನಡಕದವನು: ಬೆಣ್ಣೆ ಹಾಗೆ ಬಂದು ಎಮ್ಮೆ ಹಾಗೆ ದಾರಿ ತಪ್ಪುತ್ತೆ!

ಮಿಸ್ತ್ರಿ: ಕಣ್ಣು ತೋರಿಸಿದ್ರಾ?

ಕನ್ನಡಕದವನು: ಊರಿಗೆಲ್ಲ ಕನ್ನಡಕ ಕೊಡೋನು ನಾನು! ನನಗೆ ಹೇಳ್ತೀಯಾ?

ಮಿಸ್ತ್ರಿ: ಅದಕ್ಕೇ ಹೇಳಿದ್ದು. ಬೇರೆ ಅಂಗಡಿಯಲ್ಲಿ ತೋರಿಸಿ.

ಕನ್ನಡಕದವನಿಗೆ ನಗುವ ಮನಸ್ಸಿರಲಿಲ್ಲ. ನಾಳೆ ಊರಿನ ರೈಫಲ್ ಕ್ಲಬ್ಬಿನಲ್ಲಿ ಅವನಿಗೂ ಬಾಮೈದನಿಗೂ ಗುರಿ ಹೊಡೆಯುವ ಪಂದ್ಯ. ಕಪ್ಪು ಬೊಟ್ಟಿನ ನಡುವಿಗೆ ಹತ್ತಿರ ಹೊಡೆದವನಿಗೆ ರೈಫಲ್ ಎಂದು ಮಾವ ಅಪ್ಪಣೆ ಕೊಡಿಸಿದ್ದರು. ಇಬ್ಬರೂ ಬೊಟ್ಟು ತಪ್ಪಿದರೆ ಅದು ಇದ್ದಲ್ಲೇ, ಅಂದರೆ ಕನ್ನಡಕದವನ ಮನೆಯಲ್ಲೇ. ಬಾಮೈದನೋ, ಕೈಗೆ ಸಿಕ್ಕಿದ್ದನ್ನು ಮಾರಿಕೊಂಡು ಕೈ ಒರೆಸಿಕೊಳ್ಳುವ ಆಸಾಮಿ.

ಮಿಸ್ತ್ರಿ ಭೂತಗನ್ನಡಿ ಹಿಡಿದು ನಳಿಗೆಯ ತುದಿಯನ್ನು ನೋಡಿದ.

ಮಿಸ್ತ್ರಿ: ಈ ಮುಳ್ಳು ಯಾರು ಮುಟ್ಟಿದ್ದು?

ಕನ್ನಡಕದವನು: ಯಾವ ಮುಳ್ಳು?

ಮಿಸ್ತ್ರಿ: ಗುರಿ ಹಿಡಿಯೋ ಮುಳ್ಳು. ಕೂದಲೆಳೆಯಷ್ಟು ಎಡಕ್ಕೆ ಕೂರಿಸಿದ್ದೆ. ಈಗ ನಟ್ಟನಡುವೆ ನಿಂತಿದೆ.

ಕನ್ನಡಕದವನು: ಗುಂಡು ಎಡಕ್ಕೆ ಹೋಗ್ತಿದೆ ಅಂದ್ರೆ ಮುಳ್ಳನ್ನೂ ಎಡಕ್ಕೇ ತಳ್ಳಿದ್ಯಾ? ತಲೆ ನೆಟ್ಟಗಿದೆ ತಾನೇ?

ಮಿಸ್ತ್ರಿ: ಅದರ ಸ್ವಭಾವ ಹಾಗೆ ಸ್ವಾಮಿ. ಎಡಕ್ಕೆ ತಳ್ಳಿದ್ರೇನೇ ಗುಂಡು ಬಲಕ್ಕೆ ಬರೋದು.

ಕನ್ನಡಕದವನು: ನನ್ನ ಹೆಂಡತಿ ಹಾಗೆ ಅನ್ನು.

ಹೆಂಡತಿ: ಕೇಳಿಸ್ತಿದೆ. ಆ ಮುಳ್ಳು ನೆಟ್ಟಗೆ ಮಾಡಿದ್ದು ನಾನೇ.

ಕನ್ನಡಕದವನು: ನೀನಾ!

ಹೆಂಡತಿ: ಒರೆಸುವಾಗ ನೋಡಿದೆ, ಸೊಟ್ಟಗಿತ್ತು. ಸುತ್ತಿಗೆ ತಗೊಂಡು ಒಂದು ಕೊಟ್ಟೆ.

ಮಿಸ್ತ್ರಿ (ಎದೆ ಹಿಡಿದುಕೊಂಡು): ಸುತ್ತಿಗೇನಾ ತಾಯಿ?

ಹೆಂಡತಿ: ಬಟ್ಟೆ ಸುತ್ತಿ ಹೊಡೆದೆನಪ್ಪಾ. ಅಷ್ಟೂ ತಿಳಿಯಲ್ವಾ ನಂಗೆ?

ಮಿಸ್ತ್ರಿ ಹಿತ್ತಾಳೆ ಕಡ್ಡಿಯಿಟ್ಟು ತಟ್ಟಿ ಮುಳ್ಳನ್ನು ಮತ್ತೆ ಎಡಕ್ಕೆ ಸರಿಸಿದ. ಮೂವರೂ ಹಿತ್ತಲಿಗೆ ಹೋದರು; ಮರಳುದಿಬ್ಬದೆದುರು ಕಪ್ಪು ಬೊಟ್ಟಿಟ್ಟ ಕಾಗದ ನಿಲ್ಲಿಸಿದ್ದಾಯಿತು. ಕನ್ನಡಕದವನು ಲಿವರ್ ಎಳೆದ, ಉಸಿರು ಬಿಗಿಹಿಡಿದ, ಹೊಡೆದ. ಕಪ್ಪು ಬೊಟ್ಟಿನ ಅಂಚು ಹರಿದಿತ್ತು.

ಕನ್ನಡಕದವನು: ನೋಡಿದ್ಯೇನೇ! ನಾಳೆ ನಿನ್ನ ತಮ್ಮನ ಮುಖ ನೋಡಬೇಕು!

ಮಿಸ್ತ್ರಿ: ಅಂಚಿಗೆ ತಾಗಿದೆ ಸ್ವಾಮಿ.

ಕನ್ನಡಕದವನು: ಅಂಚು ಬೊಟ್ಟಲ್ಲದೆ ಮತ್ತೇನು?

ಹೆಂಡತಿ: ಅಲ್ಲಾ, ನಾಳೆ ನನ್ನ ತಮ್ಮ ಹೊಡೆಯೋದು ಯಾವ ರೈಫಲ್ಲಲ್ಲಿ?

ಕನ್ನಡಕದವನು: ಯಾವುದ್ರಲ್ಲಿ ಅಂದ್ರೆ... ಇದರಲ್ಲೇ...

ಅವನು ಕೈಯಲ್ಲಿದ್ದ ರೈಫಲ್ಲನ್ನೂ ಹರಿದ ಬೊಟ್ಟನ್ನೂ ಮತ್ತೊಮ್ಮೆ ನೋಡಿದ.

ಹೆಂಡತಿ: ಅವನ ಗುರಿ ಗೊತ್ತಲ್ಲ, ಹಾರೋ ಸೊಳ್ಳೆಯ ಮೀಸೆ ಕತ್ತರಿಸ್ತಾನೆ. ಇಬ್ಬರೂ ಬೊಟ್ಟು ತಪ್ಪಲಿ, ಅಪ್ಪನ ರೈಫಲ್ ನನ್ನ ಗೋಡೆ ಮೇಲೇ ಇರಲಿ ಅಂತ ಕಷ್ಟಪಟ್ಟು ನೆಟ್ಟಗೆ ಮಾಡಿದ್ದೆ. ಹೋಗಿ ಹೋಗಿ ಸರಿ ಮಾಡಿಸಿದ್ರಲ್ಲಾ!

ಕನ್ನಡಕದವನು ರೈಫಲ್ಲನ್ನು ಒಳಗೆ ತಂದು, ಈ ಸಲ ಮಗುವಿನ ಹಾಗೆ ಮೇಜಿನ ಮೇಲೆ ಮಲಗಿಸಿದ.

ಕನ್ನಡಕದವನು: ದಮ್ಮಯ್ಯ ಮಿಸ್ತ್ರಿ, ಅದನ್ನ ಮತ್ತೆ ನಡುವಿಗೆ ತಂದುಬಿಡು.

ಮಿಸ್ತ್ರಿ: ನಾನು ರಿಪೇರಿ ಅಂತ ಬೋರ್ಡು ಹಾಕ್ಕೊಂಡಿರೋನು ಸ್ವಾಮಿ. ಕೆಡಿಸೋ ಕೆಲಸಕ್ಕೆ ನಿಮ್ಮ ಮನೇಲೇ ಒಳ್ಳೆ ಮಿಸ್ತ್ರಿ ಇದ್ದಾರಲ್ಲ!