ನಿಡೋಣಿಯ ಹೆಪ್ಪು

ಜೋರಾಪುರ ಪೇಟೆಯ ಪಾತ್ರೆ ಅಂಗಡಿ ಗುರುಪಾದಯ್ಯನಿಗೆ ಅನುಮಾನ ಬಂದದ್ದು ಮನೆಯ ಮೊಸರಿನ ಮೇಲೆ.

ಹಿಂದಿನ ದಿನ ಸಕ್ಕರೆ ಕಾಯಿಲೆಯ ತಪಾಸಣೆಗೆ ಹೋದಾಗ ಡಾಕ್ಟರು ಹೇಳಿದ್ದರು: "ಕರುಳಿನಾಗ ಕೋಟಿಗಟ್ಟಲೆ ಸೂಕ್ಷ್ಮಜೀವಿ ಅದಾವ್ರಿ. ಸಕ್ಕರಿ, ತೂಕ, ಅಷ್ಟ ಅಲ್ಲ, ಮನಸಿನ ಮ್ಯಾಲೂ ಅವುಗಳ ಪ್ರಭಾವ ಇರಬಹುದಂತ. ಮೊಸರು, ಕಾಳು, ಸೊಪ್ಪು ತಿನ್ರಿ. ಸಿಹಿ ಬಿಡ್ರಿ." ಗುರುಪಾದಯ್ಯ ಕೊನೆಯ ಮಾತನ್ನು ಅಲ್ಲೇ ಬಿಟ್ಟು, ಉಳಿದದ್ದನ್ನೆಲ್ಲ ಮನೆಗೆ ತಂದ.

ಬೆಳಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಮೂರು ತಿಂಗಳ ಹಿಂದೆ ಬೆಕ್ಕು ಮೊಸರಿನ ಗಡಿಗೆ ಉರುಳಿಸಿದಾಗ ಹೆಂಡತಿ ಕಾಳವ್ವ ಪಕ್ಕದ ಮನೆ ಮಲಕವ್ವನಿಂದ ಹೆಪ್ಪು ತಂದಿದ್ದಳು. ಮಲಕವ್ವನೋ, ಗಾಳಿಯ ಜೊತೆಗೂ ಜಗಳ ತೆಗೆಯುವವಳು. ಅಂದಿನಿಂದಲೇ ಕಾಳವ್ವ ಮಾತೆತ್ತಿದರೆ ಹರಿಹಾಯುತ್ತಾಳೆ, ಅವನ ಸಕ್ಕರೆಯೂ ಏರಿದೆ! ಮೂವತ್ತು ವರ್ಷದ ಸಂಸಾರ ಒಂದು ಚಮಚ ಹೆಪ್ಪಿನಿಂದ ಕೆಡುವುದೆಂದರೇನು?

"ಲೇ, ಮಲಕವ್ವನ ಮನ್ಯಾಗ ಯಾರಿಗರ ಸಕ್ಕರಿ ಐತೇನ?" ಮೆಲ್ಲಗೆ ಕೇಳಿದ.

"ಮಂದಿ ಮನಿ ಸುದ್ದಿ ನಿಮಗ್ಯಾಕ್ರಿ? ಮೊದಲ ಅಂಗಡಿ ಬಾಗಲಾ ತೆಗೀರಿ!"

ಮಾತಾಡಿದ್ದು ಕಾಳವ್ವನಲ್ಲ, ಅವಳ ಹೊಟ್ಟೆಯೊಳಗಿನ ಮಲಕವ್ವ ಎಂದು ಗುರುಪಾದಯ್ಯನಿಗೆ ಖಾತ್ರಿಯಾಯಿತು. ಹೆಂಡತಿ ಹಿತ್ತಲಿಗೆ ಹೋದದ್ದೇ ತಡ, ಗಡಿಗೆಯ ಮೊಸರನ್ನೆಲ್ಲ ಬಚ್ಚಲಿಗೆ ಸುರಿದು ಹೊಸ ಹೆಪ್ಪು ತರಲು ನಿಡೋಣಿಯ ತಂಗಿಯ ಮನೆಗೆ ಹೊರಟ. ಆ ಮನೆಯಲ್ಲಿ ಯಾರೂ ದನಿ ಏರಿಸಿದ್ದನ್ನು ಅವನು ಕೇಳಿರಲಿಲ್ಲ.

"ಆರಾಮ ಅದೀರೇನ್ರಿ ಮಾವಾ?" ಎಂದು ಕೇಳಿದರೆ ತಂಗಿಯ ಗಂಡ ಸಿದ್ದಲಿಂಗೇಶ ಹೆಂಡತಿಯ ಮುಖ ನೋಡಿ "ಹೂಂ" ಎಂದ. ತಂಗಿ ದಾನೇಶ್ವರಿ ದುರುಗುಟ್ಟಿ ಕಣ್ಣು ಬಿಟ್ಟಳು, ಅವನು ಕೂತ. ಆಹಾ, ಎಂಥ ಶಾಂತಿ! ಗುರುಪಾದಯ್ಯ ರೊಟ್ಟಿಯ ಜೊತೆ ಎರಡು ಬಟ್ಟಲು ಮೊಸರು ಉಂಡ.

"ಹೆಪ್ಪಿಗೆ ಇಷ್ಟು ದೂರ ಬಂದಿಯೇನಣ್ಣಾ? ಪ್ಯಾಟ್ಯಾಗ ಮೊಸರು ಸಿಗೂದಿಲ್ಲೇನ?" ತಂಗಿ ಸಂಶಯದಿಂದ ನೋಡಿದಳು. "ಲಗೂ ತಗೊಂಡು ಹೋಗು. ದೀಪ ಹಚ್ಚಿದ ಮ್ಯಾಲ ಹೆಪ್ಪು ಹೊರಗ ಕೊಡೂದಿಲ್ಲ ನಾ."

ಬಬಲೇಶ್ವರದಲ್ಲಿ ಬಸ್ಸು ಬದಲಿಸುವಾಗ, ಕೆಲಸವಾದ ಖುಷಿಗೆ ಎರಡು ಜಿಲೇಬಿ ತಿಂದು ಕಾಗದವನ್ನು ಕಿಸೆಗೆ ತುರುಕಿದ. ಬಸ್ಸಿನಲ್ಲಿ ಕಂಡಕ್ಟರ್ ಯುನುಸನ ಕಣ್ಣು ಅರಿವೆ ಕಟ್ಟಿದ ಹೆಪ್ಪಿನ ಡಬ್ಬಿಯ ಮೇಲೆ ಬಿತ್ತು.

"ಏನೈತ್ರಿ ಯಜಮಾನ್ರ ಅದರಾಗ?"

"ಶಾಂತ ಸ್ವಭಾವ."

"ವಾಸನಿ ಬ್ಯಾರೇನ ಹೊಡ್ಯಾಕತ್ತೈತಲ್ರಿ!" ಎಂದು ಯುನುಸ ಮೂಗು ಹತ್ತಿರ ತರುವಷ್ಟರಲ್ಲಿ ಬಸ್ಸು ತಗ್ಗಿಗೆ ಇಳಿಯಿತು. ಅರ್ಧ ಶಾಂತ ಸ್ವಭಾವ ಗುರುಪಾದಯ್ಯನ ಮಡಿಲಿಗೆ ಚೆಲ್ಲಿತು. "ಧೋತರ ಹಿಂಡಿದ್ರ ಮನಿಮಂದಿಗೆಲ್ಲ ಮಜ್ಜಿಗಿ ಆಕೈತಿ" ಎಂದು ಹಿಂದಿನ ಸೀಟಿನ ಮುದುಕ ನಕ್ಕ.

ಮನೆ ಬಾಗಿಲಲ್ಲೇ ಮಲಕವ್ವ ಅಡ್ಡಗಟ್ಟಿದಳು. "ಬಚ್ಚಲ ತುಂಬ ನಾ ಕೊಟ್ಟ ಹೆಪ್ಪಿನ ಮೊಸರ ಹರದೈತಿ! ಅದರಾಗೇನ ವಿಷಾ ಇತ್ತೇನ್ರಿ ಅಯ್ಯಾರ?"

ಖಾಲಿ ಗಡಿಗೆ ಹಿಡಿದು ಕಾಳವ್ವನೂ ಬಂದಳು. ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಗುರುಪಾದಯ್ಯ ಡಾಕ್ಟರಿಂದ ಹಿಡಿದು ನಿಡೋಣಿಯವರೆಗೆ ಎಲ್ಲವನ್ನೂ ಒದರಿದ.

ಕಾಳವ್ವ ಸೊಂಟಕ್ಕೆ ಕೈಯಿಟ್ಟಳು. "ಮಂಡಿ ಬಾವಂತ ನಾ ಮೊಸರು ಬಿಟ್ಟು ಆರು ತಿಂಗಳಾತು. ನೀವು ಉಂಡು ಕೈ ತೊಳಕೊಂಡು ಹ್ವಾದ ಮ್ಯಾಲ ನಾ ಏನ ತಿಂತೀನಂತ ಒಂದಿನಾರ ನೋಡೀರೇನು?"

ಗುರುಪಾದಯ್ಯ ಬೆರಳು ಮಡಚಿ ಲೆಕ್ಕ ಹಾಕಿದ. "ಹಂಗಾರ ಮಲಕವ್ವನ ಹೆಪ್ಪಿನ ಮೊಸರು ತಿಂದವ್ರು..."

"ನೀವೊಬ್ರ! ಅದಕ್ಕ ಕಂಡಕಂಡವರ ಮ್ಯಾಲ ಅನುಮಾನ!" ಕಾಳವ್ವ ಅವನ ಕಿಸೆಯಿಂದ ಹೊರಚಾಚಿದ್ದ ಜಿಲೇಬಿ ಕಾಗದ ಎಳೆದು ಮುಖದ ಮುಂದೆ ಹಿಡಿದಳು. "ನನ್ನ ಸಿಟ್ಟಿಗೆ ಹೆಪ್ಪು ಬ್ಯಾಡ್ರಿ, ಇದ ಸಾಕು."

ಆಮೇಲೆ ಡಬ್ಬಿಯೊಳಗೆ ಇಣುಕಿದಳು. "ಇದು ನಿಡೋಣಿದಂದ್ರ... ದಾನವ್ವ ಕಣ್ಣು ಬಿಟ್ರ ಕುಂಡ್ರತಾರಲ್ಲ, ಆ ಅಣ್ಣಾರು ತಿನ್ನೂ ಮೊಸರಿನ ಹೆಪ್ಪೇನು?" ಅವಳ ಮುಖ ಅರಳಿತು. ಅವಸರದಿಂದ ಹಾಲು ಕಾಯಿಸಲಿಟ್ಟಳು. "ನಾಳಿಂದ ದಿನಾ ಎರಡು ಬಟ್ಟಲ. ನೀವ ತಿನ್ನಬೇಕು, ಒಂದು ಹನಿ ಬಿಡಬಾರದು!"

ಉತ್ತರ ಕೊಡಲು ಗುರುಪಾದಯ್ಯ ಬಾಯಿ ತೆರೆದ. ಹೆಂಡತಿಯ ಮುಖ ನೋಡಿದ.

"ಹೂಂ" ಎಂದ.