ಸಾಹೇಬರು ಬಾಯಿ ಮುಚ್ಚಾಕ ಬಂದಾರ

ಪಾಳುಬಾವಿ ಹುಡುಕಿ ಮುಚ್ಚುವ ಕೆಲಸದಲ್ಲಿ ನಗುವಂಥದ್ದು ಏನಿದೆ ಎಂದು ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ. ತೊಂಬತ್ತರ ದಶಕದ ಕೊನೆಗೆ ಹುಮನಾಬಾದ್, ಬಸವಕಲ್ಯಾಣದ ಸುತ್ತ ನಾನು ಮಾಡಿದ್ದು ಅದೇ ಕೆಲಸ. ಊರೂರಿಗೆ ಬೋರು ಬಂದ ಮೇಲೆ ಹಳೆಯ ಬಾವಿಗಳು ಕಸದ ತೊಟ್ಟಿಗಳಾಗಿದ್ದವು. ಅವಕ್ಕೆ ಬಿದ್ದ ಹೊಲಸು ನೆಲದೊಳಗಿನ ನೀರಿಗೆ ಇಳಿದು, ಪಕ್ಕದ ಬೋರಿನಲ್ಲಿ ಮೇಲೆ ಬರುತ್ತಿತ್ತು. ನಾನೂ ನಮ್ಮ ಗಾರೆ ಕೆಲಸದ ಗೌಂಡಿಯೂ ಜೀಪು ಹತ್ತಿ ಹೊರಟರೆ ಸಾಕು, ಫಜೀತಿ ನಮಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು.

ಯಾವ ಬಾಯಿ?

ನಮ್ಮ ಕಡೆ ಬಾವಿಗೂ ಬಾಯಿ ಎನ್ನುತ್ತಾರೆ. ಮಾತಾಡುವುದೂ ಬಾಯಿ. ಮರಾಠಿಯ ಸಹವಾಸದಿಂದ ಮನೆಯ ಹೆಂಗಸೂ ಬಾಯಿ. ಇದೆಲ್ಲ ಹುಟ್ಟಿದಾಗಿನಿಂದ ನನಗೆ ಗೊತ್ತು. ಆದರೂ ಕೊಹಿನೂರಿನಲ್ಲಿ ಒಂದು ಮನೆಯ ಬಾಗಿಲು ತಟ್ಟಿ, ಹೊರಗೆ ಬಂದ ಹೆಣ್ಣುಮಗಳಿಗೆ, "ನಿಮ್ಮ ಬಾಯಿ ಮುಚ್ಚಾಕ ಬಂದೀವ್ರಿ" ಎಂದುಬಿಟ್ಟೆ.

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನನ್ನ ಬಾಯಿ ಮುಚ್ಚಾಕ ನೀ ಯಾಂವ?" ಎಂದು ಶುರು ಮಾಡಿ, ನಮ್ಮ ಮನೆತನದ ಹಿರಿಯರನ್ನೆಲ್ಲ ಅಂಗಳಕ್ಕೆ ಎಳೆದು ತಂದಳು. ಗೌಂಡಿ ಆಗಲೇ ಜೀಪಿನ ಹಿಂದೆ ಸೇರಿದ್ದ.

ಹಿತ್ತಲಿನಿಂದ ಆಕೆಯ ಗಂಡ ಓಡಿಬಂದ. ಈತನಾದರೂ ಹಿತ್ತಲ ಬಾವಿಯ ಮಾತೆತ್ತಿ ನನ್ನನ್ನು ಬಿಡಿಸುತ್ತಾನೆ ಎಂದುಕೊಂಡೆ. ಆತ ನನ್ನ ಎರಡೂ ಕೈ ಹಿಡಿದುಕೊಂಡ.

"ಬರ್ರಿ ಸಾಹೇಬ್ರ, ಒಳಗ ಬರ್ರಿ. ಲಗ್ನ ಆದಾಗಿಂದ ನಾ ಕೋಶಿಸ್ ಮಾಡಾಕತ್ತೇನಿ, ಆಗವಲ್ದು. ಈಗ ಸರಕಾರದ್ದೇ ಸ್ಕೀಮ್ ಬಂತೇನ್ರಿ?"

ಚಾಚಾನ ಚಹಾದಂಗಡಿ

ಬಸವಕಲ್ಯಾಣದ ಹಳೆಯ ಓಣಿಯೊಂದರಲ್ಲಿ ಬಾವಿ ಇದೆ ಎಂದು ಎಲ್ಲರೂ ಹೇಳುವವರು. ಎಲ್ಲಿ ಎಂದರೆ ಮಾತ್ರ ಎಲ್ಲರೂ ಪಕ್ಕದ ಮನೆ ತೋರಿಸುವವರು. ಬಾವಿ ಸಿಕ್ಕರೆ ಎಲ್ಲಿ ಜಾಗವೂ ಸರಕಾರದ ಪಾಲಾಗುತ್ತದೋ ಎಂಬ ಅಂಜಿಕೆ ಅವರಿಗೆ. ಬಿಸಿಲಲ್ಲಿ ಸುತ್ತಿ ಸಾಕಾಗಿ ಚಹಾದಂಗಡಿಯ ಬಾಕಿನ ಮೇಲೆ ಕೂತೆವು.

ಅಂಗಡಿಯ ಚಾಚಾ ನಮ್ಮ ಕಷ್ಟ ಕೇಳಿ ಬಹಳ ಮರುಗಿದ. ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿಕೊಟ್ಟ. ಆ ಮನೆಯಲ್ಲಿ ಕೇಳಿ, ಈ ಮನೆಯಲ್ಲಿ ಕೇಳಿ ಎಂದು ದಾರಿಯನ್ನೂ ಹೇಳಿದ. ಹೇಳುತ್ತಲೇ ಕಪ್ಪು ತೊಳೆದ ನೀರನ್ನು ನಮ್ಮ ಬಾಕಿನ ಕೆಳಗಿನ ಫರಸಿಕಲ್ಲಿನ ಸಂದಿಗೆ ಸುರಿದ.

ಕೊಂಚ ಹೊತ್ತಾದ ಮೇಲೆ ಎಲ್ಲೋ ಆಳದಿಂದ 'ಡುಬುಕ್' ಎಂದಿತು.

ಗೌಂಡಿ ಎರಡೂ ಕಾಲು ಎತ್ತಿ ಬಾಕಿನ ಮೇಲಿಟ್ಟುಕೊಂಡ. ನಾನು ಚಾಚಾನ ಮುಖ ನೋಡಿದೆ.

"ಬಾಯಿ ಎಲ್ಲದ ಅಂತ ಕೇಳಿದ್ರಿ ಸಾಬ್," ಎಂದ ಆತ ತಣ್ಣಗೆ. "ನಾವು ಎಲ್ಲಿ ಕುಂತೀವಿ ಅಂತ ಕೇಳಿದ್ರೇನು?"

ಹೆರಿಗೆಯ ರಿಪೋರ್ಟು

ದುಬಲಗುಂಡಿಯ ಆಯಿಯನ್ನು ನೆನೆದರೆ ಈಗಲೂ ಎದೆ ತುಂಬಿಬರುತ್ತದೆ. ಆಯಿ ಎಂದರೆ ನಮ್ಮಲ್ಲಿ ಅಜ್ಜಿ. ಆಕೆಯ ಅಂಗಳದ ಬಾವಿಗೆ ಇಡೀ ಓಣಿಯ ಗಟಾರ ಬಂದು ಸೇರುತ್ತಿತ್ತು. ಓಣಿಗಿದ್ದ ಒಂದೇ ಕೈಬೋರು ಅದರ ಮಗ್ಗುಲಲ್ಲೇ ಇತ್ತು. ಅದರ ನೀರು ನಾತ ಹೊಡೆದು ಮಕ್ಕಳಿಗೆ ವಾಂತಿಭೇದಿ ಹತ್ತಿತ್ತು. ಮಳೆಗಾಲ ಬಾಗಿಲಿಗೆ ಬಂದಿತ್ತು. ಆಯಿ ಮಾತ್ರ ಬಾವಿಕಟ್ಟೆ ಬಿಟ್ಟು ಏಳಲಿಲ್ಲ.

"ಮೊಮ್ಮಗಳು ಹಡ್ಯಾಕ ಬಂದಾಳ. ಹಡದ ಮ್ಯಾಲ ಗಂಗಿ ಪೂಜಿ ಮಾಡಿ ಕೊಡ ತುಂಬಬೇಕು. ಈ ಮನಿ ಹೆಣ್ಮಕ್ಕಳೆಲ್ಲ ಇಲ್ಲೇ ತುಂಬ್ಯಾರ. ನೀ ಬಾಯಿ ಮುಚ್ಚಿದ್ರ ಈ ಹುಡುಗಿ ಎಲ್ಲಿ ತುಂಬಬೇಕೋ ಯಪ್ಪಾ?"

ಕೆಲಸ ಅಲ್ಲಿಗೇ ನಿಂತಿತು. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ನಮ್ಮ ಸಾಹೇಬರು ಮೀಟಿಂಗಿನಲ್ಲಿ ಕೇಳಿದರು: "ದುಬಲಗುಂಡಿ ಕೆಲಸ ಯಾಕಯ್ಯಾ ನಿಂತಿದೆ?"

"ಹೆರಿಗಿ ಆಗಬೇಕ್ರಿ ಸರ್."

"ಯಾರದು?"

"ಮೊಮ್ಮಗಳದ್ರಿ."

ಸಾಹೇಬರು ಪೆನ್ನು ಕೆಳಗಿಟ್ಟು ನನ್ನನ್ನು ಕರುಣೆಯಿಂದ ನೋಡಿದರು. "ಪಾಪ, ಬಾಲ್ಯವಿವಾಹವೇನಯ್ಯಾ ನಿಂದು?"

ನನಗಾಗ ಮನೆಯಲ್ಲಿ ಇನ್ನೂ ಹೆಣ್ಣು ಹುಡುಕುತ್ತಿದ್ದರು.

ಮಗಳು ಹೋದಳು, ಸೊಸೆ ಬಂದಳು

ಮರುದಿನ ಹೋಗಿ ಆಯಿಯ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತೆ. ವಾದ ಮಾಡುವ ಮನಸ್ಸಿರಲಿಲ್ಲ, ಸುಮ್ಮನೆ ಕೇಳಿದೆ.

"ಆಯಿ, ಕೂಸು ಹುಟ್ಟಿದ ಮ್ಯಾಲ ಯಾವ ನೀರು ಎರೀತಿ?"

"ಬೋರಿಂದು."

"ಈ ಬಾಯಾಗಿನ ಹೊಲಸು ನೆಲದಾಗ ಇಳದು ಅಲ್ಲೇ ಬರತದ, ಆಯಿ."

ಆಯಿ ಬಹಳ ಹೊತ್ತು ಬಾವಿಯೊಳಗೆ ಇಣುಕಿದಳು. ಆಮೇಲೆ ಎದ್ದು ಒಳಗೆ ಹೋದಳು. ಸಿಟ್ಟು ಮಾಡಿಕೊಂಡಳು, ಕೆಲಸ ಕೆಟ್ಟಿತು ಎಂದುಕೊಂಡೆ. ಹೊರಗೆ ಬಂದಾಗ ಆಕೆಯ ಕೈಯಲ್ಲಿ ಮೊರ ಇತ್ತು, ಮೊರದಲ್ಲಿ ಅಕ್ಕಿ, ಕೊಬ್ಬರಿ, ಅರಿಷಿಣ ಕುಂಕುಮ, ಹಸಿರು ಕುಪ್ಪಸದ ಬಟ್ಟೆ. ಗಂಡನ ಮನೆಗೆ ಹೊರಟ ಮಗಳಿಗೆ ಉಡಿ ತುಂಬುವ ಹಾಗೆ ಎಲ್ಲವನ್ನೂ ಕಟ್ಟೆಯ ಮೇಲಿಟ್ಟಳು.

"ಹೋಗಿ ಬಾ ನನ್ನವ್ವಾ. ಭಾಳ ಮಂದಿಗೆ ನೀರು ಕೊಟ್ಟಿ," ಎಂದು ಕಟ್ಟೆಯನ್ನು ಸವರಿ ಅತ್ತಳು. ನನಗೂ ತಡೆಯಲಾಗಲಿಲ್ಲ. ಗೌಂಡಿ ಕಣ್ಣೊರೆಸಿಕೊಂಡು, ಮಣ್ಣು ಬಿತ್ತು ಎಂದ. ಮಣ್ಣಿನ ಟ್ರ್ಯಾಕ್ಟರ್ ಇನ್ನೂ ಹುಮನಾಬಾದ್ ಬಿಟ್ಟಿರಲಿಲ್ಲ.

ಗಟಾರ ತಿರುಗಿಸಿ, ಹೊಲಸು ಎತ್ತಿಸಿ, ಸುಣ್ಣ ಹಾಕಿ, ಕಲ್ಲು, ಮರಳು, ಮೇಲೆ ಗಟ್ಟಿಯಾಗಿ ಎರೆಮಣ್ಣು ಬಡಿದು ಬಾವಿ ಮುಚ್ಚಿದೆವು. ಕೈಬೋರಿಗೆ ಔಷಧ ಹಾಕಿದೆವು. ನೀರು ಪರೀಕ್ಷೆಯಲ್ಲಿ ಪಾಸಾಗುವವರೆಗೆ ಓಣಿಗೆ ಟ್ಯಾಂಕರ್ ಬಂತು. ಮಳೆಯೂ ಬಂತು, ಆಯಿಗೆ ಮರಿಮಗಳೂ ಬಂದಳು. ಕೂಸಿಗೆ ಒಳ್ಳೆಯ ನೀರನ್ನೇ ಎರೆದರು.

ಗಂಗಿ ಪೂಜೆಗೆ ನಮ್ಮಿಬ್ಬರಿಗೂ ಕರೆ ಬಂತು. ಹೋಗಿ ನೋಡಿದರೆ ಕೈಬೋರಿಗೆ ಅರಿಷಿಣ ಹಚ್ಚಿ, ಹಿಡಿಕೆಗೆ ಹಸಿರು ಬಳೆ ಕಟ್ಟಿ, ಆಯಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಳೆ.

"ಮಗಳ್ನ ಕಳಿಸಿದ್ನೆಲ್ಲೋ ಯಪ್ಪಾ. ಇಕಿ ನಮ್ಮ ಸೊಸಿ. ಇವತ್ತ ಮನಿ ತುಂಬಿಸ್ಕೋತೀವಿ."

ಬಾಣಂತಿ ಕೊಡ ಇಟ್ಟಳು. ಹೆಂಗಸರು ಆರತಿ ಬೆಳಗಿದರು. ನಾನು ಭಕ್ತಿಯಿಂದ ಕೈ ಮುಗಿದೆ. ಗೌಂಡಿ ಹಿಡಿಕೆ ಒತ್ತಿದ. ಎಣ್ಣೆ ಕಾಣದ ಬೋರು 'ಕಿರ್ರ್ರ್' ಎಂದು ಇಡೀ ಓಣಿಗೆ ಕೇಳುವಂತೆ ಕಿರುಚಿತು. ಕೂಸು ಬೆಚ್ಚಿ ಅಳತೊಡಗಿತು. ಕೊಡಕ್ಕೆ ಮಾತ್ರ ತಿಳಿನೀರು ದಬದಬ ಬಿತ್ತು.

ಆಯಿ ಕೂಸನ್ನು ಎದೆಗೆ ಅವುಚಿಕೊಂಡು ಹಣೆ ಹಣೆ ಬಡಿದುಕೊಂಡಳು.

"ನೋಡ್ರವ್ವಾ! ಮಗಳು ಇದ್ದಷ್ಟು ದಿನ ಒಂದ್ ಮಾತ ಆಡ್ಲಿಲ್ಲ. ಸೊಸಿ ಇನ್ನಾ ಹೊಸ್ತಲಾ ದಾಟಿಲ್ಲ, ಆಗ್ಲೇ ಒದರಾಕತ್ತಾಳ!"