ಕಾಗೆ ಕರೆಯುವ ಪೆಟ್ಟಿಗೆ

"ನೋಡು ಕಮಲೂ, ಕಾಗೆ ಬರದಿದ್ರೆ ಅದೊಂದು ಬಗೆ ಎರರ್! ಬಂದು ಮುಟ್ಟದಿದ್ರೆ ಇನ್ನೊಂದು ಬಗೆ! ಬೆಕ್ಕು ಬಂದ್ರೆ ಮತ್ತೊಂದು! ಒಂದೊಂದಕ್ಕೂ ಬೇರೆ ಬೇರೆ ಪರಿಹಾರ ಈ ಪೆಟ್ಟಿಗೆಯ ಕಂಪ್ಯೂಟರ್ ಸ್ಕ್ರಿಪ್ಟ್‌ನಲ್ಲಿ ಬರೆದಿಟ್ಟಿದ್ದೀನಿ!"

ತಂಗಿಯ ಮನೆಯ ತಾರಸಿಯಲ್ಲಿ ಪದ್ದಣ್ಣ ಎದೆಯುಬ್ಬಿಸಿ ನಿಂತಿದ್ದ. ಪಾಲಿಟೆಕ್ನಿಕ್ಕಿನಿಂದ ನಿವೃತ್ತನಾದ ಮೇಲೆ ಅವನು ಮಾಡಿದ ಯಂತ್ರಗಳಲ್ಲಿ ಮನೆಮಂದಿಯ ಪ್ರಾಣ ತಿನ್ನದ್ದು ಒಂದೂ ಇಲ್ಲ! ಈ ಸಲದ್ದು ಕ್ಯಾಮರಾ, ಮೈಕು, ಕಾ ಕಾ ಎನ್ನುವ ಸ್ಪೀಕರು, ಕಾಗೆಗೆ ಆಸೆ ಹುಟ್ಟಿಸಲು ತುಪ್ಪದ ಪಿಚಕಾರಿ ಎಲ್ಲ ಇದ್ದ ತಗಡಿನ ಪೆಟ್ಟಿಗೆ. ಮೈಸೂರಿನ ಆ ಬಡಾವಣೆಯಲ್ಲಿ ಕಾಗೆಗಳು ಕಾಣೆಯಾಗಿ ಎಷ್ಟೋ ದಿನವಾಗಿತ್ತು.

ಕಮಲಾಕ್ಷಿಗೆ ಯಂತ್ರ ಬೇಕಿರಲಿಲ್ಲ, ಕಾಗೆ ಬೇಕಿತ್ತು. ಅಂದು ಗಂಡನ ಮೊದಲ ವರ್ಷದ ತಿಥಿ. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಅವರು ಒಂದು ಲೋಟ ಕಾಫಿ ಕೇಳಿದ್ದರು. "ಸುಮ್ನಿರ್ತೀರಾ, ಸಾಕಾಗಿದೆ ನಿಮ್ಮ ಕಾಟ" ಎಂದುಬಿಟ್ಟಿದ್ದಳು. ಅವರು ತಿರುಗಿ ಬರಲಿಲ್ಲ. ಕಾಗೆ ಪಿಂಡ ಮುಟ್ಟಿದರೆ ಕ್ಷಮಿಸಿದ್ದಾರೆ, ಇಲ್ಲದಿದ್ದರೆ ಇಲ್ಲ. ವರ್ಷವಿಡೀ ಇದೊಂದೇ ಅವಳನ್ನು ಕೊರೆಯುತ್ತಿತ್ತು.

ಪಿಂಡವನ್ನು ಮೋಟುಗೋಡೆಯ ಮೇಲಿಟ್ಟು, ಬಿಸಿಲಿಗೆಂದು ಪುರೋಹಿತ ಶಿವಸ್ವಾಮಿ ಜೋಯಿಸರು ಕಪ್ಪು ಕೊಡೆ ಬಿಚ್ಚಿದರು. ಕೊಡೆಯನ್ನೇ ಕಾಗೆಯೆಂದು ತಿಳಿದು, ಬಂದೂ ಮುಟ್ಟುತ್ತಿಲ್ಲ ಎಂದುಕೊಂಡಿತು ಪೆಟ್ಟಿಗೆ. ಪಿಚಕ್ಕನೆ ಅವರ ಮುಖಕ್ಕೆ ತುಪ್ಪ!

"ರೀ ಪದ್ದಣ್ಣ, ನಾನು ಕಾಗೆಯೇನ್ರೀ?"

"ಕೊಡೆ ಮಡಚಿ ಜೋಯಿಸರೇ, ನನ್ನ ಯಂತ್ರದ್ದೇನೂ ತಪ್ಪಿಲ್ಲ!"

ಅಷ್ಟರಲ್ಲಿ ಬೆಕ್ಕೊಂದು ಇಣುಕಿತು. ಪೆಟ್ಟಿಗೆ ಬೊಗಳಿತು. ಬೊಗಳಿದ್ದೇ ತಡ, ಬೀದಿಯ ಮೂರು ನಾಯಿಗಳು ಮೆಟ್ಟಿಲೇರಿ ಬಂದು ಜೋಯಿಸರ ತುಪ್ಪದ ಶಲ್ಯ ನೆಕ್ಕತೊಡಗಿದವು. ನಾಯಿಗಳು ನೆಕ್ಕುತ್ತಿರುವ ಪುರೋಹಿತರನ್ನು ಯಾವ ಬಗೆಗೆ ಸೇರಿಸುವುದೆಂದು ಪೆಟ್ಟಿಗೆಗೆ ತಿಳಿಯಲಿಲ್ಲ.

"ಕಾಗೆ ಮುಟ್ಟಿತು! ಆತ್ಮಕ್ಕೆ ತೃಪ್ತಿಯಾಯಿತು!" ಎಂದು ಘೋಷಿಸಿತು.

"ಕ್ಷಮಿಸಿಬಿಟ್ರು!" ಕಮಲಾಕ್ಷಿ ಅಳುತ್ತಾ ನೆಲಕ್ಕೆ ಹಣೆಯಿಟ್ಟಳು. ತಲೆಯೆತ್ತಿದರೆ ಪಿಂಡ ಇಟ್ಟ ಹಾಗೇ ಇತ್ತು.

"ಅಣ್ಣಾ, ಎಲ್ಲಿ ಕಾಗೆ?"

ಪದ್ದಣ್ಣ ತಲೆ ಕೆರೆದುಕೊಂಡ. "ಅದೂ... ಯಾವ ಬಗೆಗೂ ಸೇರದ ಎರರ್ ಬಂದ್ರೆ ಹಾಗನ್ನು ಅಂತ ಕೊನೇಲಿ ಒಂದು ಸಾಲು ಹಾಕಿದ್ದೆ. ನೀನು ಅಳೋದು ನೋಡಕ್ಕಾಗಲ್ಲ ಕಣೇ ನಂಗೆ."

"ತೆಗಿ ಅದನ್ನ! ಕೋಪ ಇದ್ರೆ ಕೋಪ ಅಂತಾನೇ ಗೊತ್ತಾಗ್ಲಿ."

ಅವನು ಆ ಸಾಲು ಅಳಿಸಿದ. ನಾಯಿಗಳನ್ನು ಓಡಿಸಿ ಎಲ್ಲರೂ ಕಾದರು. ಕೊನೆಗೆ, ನಿಜವಾಗಿಯೂ, ಒಂದು ಕಾಗೆ ಬಂದು ಗೋಡೆಯ ಮೇಲೆ ಕೂತಿತು. ಪಿಂಡ ನೋಡಿತು, ಮುಟ್ಟಲಿಲ್ಲ. ಪೆಟ್ಟಿಗೆಯ ತುಪ್ಪವೆಲ್ಲ ಜೋಯಿಸರ ಮೇಲೇ ಮುಗಿದಿತ್ತು.

"ಮನಸ್ಸಲ್ಲಿರೋದು ಹೇಳ್ಕೊಳ್ಳಮ್ಮ," ಎಂದು ಜೋಯಿಸರು ಪಿಸುಗುಟ್ಟಿದರು.

ಕಮಲಾಕ್ಷಿ ಕೈಮುಗಿದಳು. "ಬೈದು ಕಳಿಸ್ಬಿಟ್ಟೆ ರೀ. ಒಂದು ಲೋಟ ಕಾಫೀನೂ ಕೊಡ್ಲಿಲ್ಲ..." ಬಿಕ್ಕಿಬಿಕ್ಕಿ ಅತ್ತಳು. ಕಾಗೆ ಒಂದು ಹೆಜ್ಜೆ ಮುಂದೆ ಬಂತು.

ಅಳು ಮೈಕಿಗೆ ಕೇಳಿಸಿತು. ಅದು ಕಾಗೆಯಲ್ಲ, ಬೆಕ್ಕಲ್ಲ.

"ಗುರುತಿಲ್ಲದ ಎರರ್! ಇದಕ್ಕೆ ಪರಿಹಾರ ಬರೆದಿಲ್ಲ! ಇದಕ್ಕೆ ಪರಿಹಾರ ಬರೆದಿಲ್ಲ!" ಪೆಟ್ಟಿಗೆ ಬೀದಿಗೆಲ್ಲ ಕೇಳುವಂತೆ ಅರಚತೊಡಗಿತು. ಕಾಗೆ ಹಾರಿಹೋಯಿತು.

ಪದ್ದಣ್ಣ ವೈರು ಕೀಳಲು ಓಡಿದ. ಕಮಲಾಕ್ಷಿ ಅವನ ಕೈ ಹಿಡಿದಳು.

"ಬಿಡಣ್ಣ, ಕೂಗ್ಲಿ. ಬೆಳಿಗ್ಗೆಯಿಂದ ಅದು ನಿಜ ಹೇಳಿದ್ದು ಇದೊಂದೇ."